ಸೈಕಲ್ ಬಳಗದ ಬಹುಮಾನದ ಸಂಜೆ: ಓದುಗರ ಪ್ರಶ್ನೆಗಳಿಗೆ ಅಕ್ಕನ ಉತ್ತರ

ಚಳಿ ಬಿದ್ದ ಕೂಡಲೇ ನನಗೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಚೈನು, ಟೈರು, ಮೊಣಕಾಲು ನೋವು ಹಿಂದೆ ಸರಿದು, ವರ್ಷದ ಬಹುಮಾನ ಯಾರಿಗೆ, ಊಟ ಎಲ್ಲಿ, ಅತಿಥಿ ಯಾರು ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಅಂಥ ಪತ್ರಗಳಿಗೇ ಈ ಸಂಚಿಕೆಯ ಅಂಕಣವನ್ನು ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಮ್ಮದು ನಲವತ್ತು ಮಂದಿಯ ಸಣ್ಣ ಸೈಕಲ್ ಬಳಗ. ವೈದ್ಯರು, ಶಿಕ್ಷಕರು, ಅಂಗಡಿಯವರು, ಕಾಲೇಜು ಹುಡುಗರು ಎಲ್ಲರೂ ಇದ್ದಾರೆ. ಬರುವ ಜನವರಿಯಲ್ಲಿ ಒಂದು ಶನಿವಾರ, ಭಾನುವಾರ ಸೇರಿ ವಾರ್ಷಿಕ ಕೂಟ ಮಾಡಬೇಕೆಂದಿದ್ದೇವೆ. ಶನಿವಾರ ರಾತ್ರಿ ಬಹುಮಾನ ಮತ್ತು ಊಟ. ಸಮಿತಿಯಲ್ಲಿ ಎರಡು ಪಕ್ಷವಾಗಿದೆ. ಅರ್ಧ ಮಂದಿಗೆ ದೊಡ್ಡ ಸಭಾಂಗಣ, ಮುಖ್ಯ ಅತಿಥಿ, ಶಾಲು, ಹಾರ ಬೇಕು. ಉಳಿದವರು ಇದೆಲ್ಲ ಬಿಟ್ಟು ಬಸವಕಲ್ಯಾಣಕ್ಕೆ ಸೈಕಲ್ ಮೇಲೆ ಹೋಗಿ ಬರೋಣ ಎನ್ನುತ್ತಾರೆ. ಯಾರ ಮಾತು ಕೇಳಲಿ?
(ಕಾರ್ಯದರ್ಶಿ, ಬೀದರ್)

ಉತ್ತರ: ಎರಡೂ ಬೇಡ ತಮ್ಮಾ. ಎರಡೂ ಪಕ್ಷದವರು ಬಳಗದ ಒಳಿತನ್ನೇ ಬಯಸಿದ್ದಾರೆ, ಆದರೆ ಎರಡೂ ದಾರಿ ನಿಮ್ಮ ನಲವತ್ತು ಮಂದಿಯನ್ನು ಮತ್ತೆ ಚದುರಿಸುತ್ತವೆ.

ಸೈಕಲ್ ಬಳಗದವರು ವರ್ಷವಿಡೀ ಒಟ್ಟಿಗೆ ಹೊರಡುತ್ತಾರೆ, ಒಟ್ಟಿಗೆ ಇರುವುದಿಲ್ಲ. ಬೆಳಗಿನ ಜಾವ ಕೋಟೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡವರು ನೌಬಾದ್ ದಾಟುವಷ್ಟರಲ್ಲಿ ಮೂರು ಗುಂಪಾಗಿರುತ್ತಾರೆ. ಮುಂದಿನ ಗುಂಪು ಚಹಾ ಕುಡಿದು ಏಳುವಾಗ ಹಿಂದಿನ ಗುಂಪು ಬಂದು ಕೂರುತ್ತದೆ. ಗಂಟೆಗೆ 28 ಕಿಲೋಮೀಟರ್ ತುಳಿಯುವ ಹುಡುಗನಿಗೂ 16 ತುಳಿಯುವ ಡಾಕ್ಟರಿಗೂ ಪರಿಚಯವಿರುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ. ಮನೆಯವರಂತೂ ಒಬ್ಬರನ್ನೊಬ್ಬರು ಕಂಡೇ ಇರುವುದಿಲ್ಲ. ಎಲ್ಲರೂ ಒಂದೇ ವೇಗದಲ್ಲಿರುವ ಹೊತ್ತು ವರ್ಷದಲ್ಲಿ ಈ ಕೂಟವೊಂದೇ. ಹಾಗಾಗಿ ಜಾಗ, ಊಟ, ಬಹುಮಾನ ಏನೇ ತೀರ್ಮಾನಿಸುವಾಗಲೂ ಇದರಿಂದ ಜನ ಪಕ್ಕಪಕ್ಕಕ್ಕೆ ಬರುತ್ತಾರೋ, ಮತ್ತೆ ಮುಂದೆ ಹಿಂದೆ ಆಗುತ್ತಾರೋ ಎಂದು ಕೇಳಿಕೊಳ್ಳಿ. ವೇದಿಕೆ ಕಟ್ಟಿದರೆ ಐದು ಮಂದಿ ಮೇಲೆ, ಉಳಿದವರು ಕೆಳಗೆ. ಬಸವಕಲ್ಯಾಣ ಒಂದು ದಿಕ್ಕಿಗೇ ಸುಮಾರು 80 ಕಿಲೋಮೀಟರ್. ಅಷ್ಟು ದೂರ ತುಳಿಯಲಾಗದವರು ಮನೆಯಲ್ಲೇ ಉಳಿಯುತ್ತಾರೆ.

ಬ್ರಿಟನ್ನಿನ ಸೈಕಲ್ ಕ್ಲಬ್ಬುಗಳಲ್ಲಿ ವಾರ್ಷಿಕ ಊಟದ ಪದ್ಧತಿ ಬಹಳ ಹಳೆಯದು. 1878ರಲ್ಲಿ ಹ್ಯಾರೊಗೇಟ್ ಊರಿನಲ್ಲಿ ಬೈಸಿಕಲ್ ಟೂರಿಂಗ್ ಕ್ಲಬ್ ಹುಟ್ಟಿದ ನಾಡು ಅದು. ಅಲ್ಲಿ ಚಳಿಗಾಲವೆಂದರೆ ಸವಾರಿಯ ಋತು ಮುಗಿದ ಕಾಲ, ಒಳಗೆ ಕೂತು ಉಣ್ಣುವ ಕಾಲ. ನಮ್ಮಲ್ಲಿ ತಿರುವುಮುರುವು. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆಗೇ ಡಾಂಬರು ಕುದಿಯುತ್ತದೆ, ಸೈಕಲ್ ಗೋಡೆಗೆ ಒರಗುತ್ತದೆ. ಡಿಸೆಂಬರ್, ಜನವರಿಯೇ ನಮ್ಮ ಹಬ್ಬ. ಅಂಥ ಶನಿವಾರ ಮಧ್ಯಾಹ್ನವನ್ನು ಸಭಾಂಗಣದೊಳಗೆ ಕಳೆಯುವುದು ಅನ್ಯಾಯ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಶನಿವಾರ ಮೂರೂವರೆಗೆ ಎಲ್ಲರೂ ಮಹಮೂದ್ ಗವಾನನ ಮದರಸಾದ ಮುಂದೆ ಸೇರುವುದು. 1472ರ ಆ ಕಟ್ಟಡದ ಉಳಿದ ಒಂದೇ ಮಿನಾರಿನ ಬುಡದಲ್ಲಿ ನೀಲಿ ಹೆಂಚುಗಳನ್ನು ಮಕ್ಕಳಿಗೆ ತೋರಿಸಿ, ಚೌಬಾರಾ ಗೋಪುರ ಸುತ್ತಿ, ಚೌಖಂಡಿ ಗೋರಿಯ ಪಕ್ಕ ಹಾಯ್ದು ಅಷ್ಟೂರಿಗೆ ಇಳಿಯುವುದು. ಕೆಲವೇ ಕಿಲೋಮೀಟರ್ ದೂರ. ಹೋಗುವಾಗ ಇಳಿಜಾರು, ಬರುವಾಗ ಏರು. ಏರಿನಲ್ಲಿ ಇಳಿದು ತಳ್ಳಿದರೂ ಯಾರಿಗೂ ನಷ್ಟವಿಲ್ಲ. ಅಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯೊಳಗಿನ ಬಣ್ಣದ ಚಿತ್ತಾರವನ್ನು ನಿಂತು ನೋಡಿ. ಅವನ ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಕೂಡಿಯೇ ಬರುತ್ತಾರೆ. ಆ ಅಂಗಳದಲ್ಲಿ ನಿಮ್ಮ ಬಳಗವೂ ಒಟ್ಟಿಗೆ ಕೂತು ಬರಲಿ. ನಿಯಮ ಒಂದೇ: ಅತಿ ವೇಗದವರ ಜೋಡಿ ಅತಿ ನಿಧಾನದವರು. ಚೀಟಿ ಎತ್ತಿ ಜೋಡಿ ಮಾಡಿದರೂ ಸರಿ. ಅಧ್ಯಕ್ಷರು ಎಲ್ಲರಿಗಿಂತ ಹಿಂದೆ ಇರಲಿ. ಅತಿಥಿಯನ್ನು ಕರೆಯಲೇಬೇಕೆಂದರೆ ರಾತ್ರಿ ಹಾರಕ್ಕೆ ಕರೆಯಬೇಡಿ, ಮಧ್ಯಾಹ್ನ ಈ ಸವಾರಿಗೆ ಕರೆಯಿರಿ. ಬಂದು ತುಳಿದವರು ರಾತ್ರಿ ಎರಡು ಮಾತಾಡಲಿ.

ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಡುವ ಹಟ ಬೇಡ. ಜನವರಿಯೆಂದರೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಿಂದೆ ದೀಪವಿಲ್ಲದೆ ಸಾಗುವ ಕಬ್ಬಿನ ಟ್ರ್ಯಾಕ್ಟರು ಮಂಜಿನಲ್ಲಿ ಹತ್ತು ಮಾರು ದೂರಕ್ಕೂ ಕಾಣುವುದಿಲ್ಲ. ತೊಗರಿ ರಾಶಿಯ ಕಾಲವೂ ಅದೇ. ರಸ್ತೆಯ ಮೇಲೆ ಹಾಸಿದ ತೊಗರಿ ಕಟ್ಟಿಗೆಯ ಮೇಲೆ ಸಪೂರ ಟೈರು ಜಾರುತ್ತದೆ. ಸೂರ್ಯ ಕಂಡ ಮೇಲೆ ಹೊರಡಿ. ದೂರ ಬೇಕೆನ್ನುವವರು ಹುಮನಾಬಾದ್ ದಾರಿ ಹಿಡಿದು ತಮಗೆ ಬೇಕಾದಷ್ಟು ಹೋಗಿ ಬರಲಿ, ಉಳಿದವರು ನೌಬಾದಿನ ಕರೇಜ್ ನೋಡಲಿ. ಬಹಮನಿಗಳ ಕಾಲದಲ್ಲಿ ನೆಲದಡಿ ಕೊರೆದ ಆ ನೀರಿನ ಸುರಂಗದ ಮೇಲೆ ದಿನಾಲೂ ಸೈಕಲ್ ಹೊಡೆಯುವವರಲ್ಲಿ ಎಷ್ಟೋ ಮಂದಿ ಅದರ ಗಾಳಿಬಾವಿಗಳಲ್ಲಿ ಒಮ್ಮೆಯೂ ಇಣುಕಿಲ್ಲ. ಮಧ್ಯಾಹ್ನಕ್ಕೆ ಎಲ್ಲರೂ ನಾನಕ್ ಝೀರಾ ಗುರುದ್ವಾರಕ್ಕೆ ಬರಲಿ. ಲಂಗರಿನಲ್ಲಿ ಸಾಲಾಗಿ ನೆಲದ ಮೇಲೆ ಕೂತು ಉಣ್ಣುವಾಗ ಯಾರು ಮೊದಲು ಬಂದರು ಎಂಬ ಪ್ರಶ್ನೆಯೇ ಇರುವುದಿಲ್ಲ. ನಲವತ್ತು ಮಂದಿ ಬರುತ್ತೇವೆಂದು ಮೊದಲೇ ತಿಳಿಸಿ. ಸವಾರಿಯ ಚಡ್ಡಿಯ ಮೇಲೆ ಹಾಕಿಕೊಳ್ಳಲು ಪೈಜಾಮ, ತಲೆಗೆ ಬಟ್ಟೆ ಎಲ್ಲರ ಚೀಲದಲ್ಲೂ ಇರಲಿ. ಉಂಡ ಮೇಲೆ ತಟ್ಟೆ ತೊಳೆಯುವ ಸೇವೆಗೆ ಅರ್ಧ ಗಂಟೆ ನಿಲ್ಲಿ.

ಈಗ ಶನಿವಾರದ ರಾತ್ರಿಗೆ ಬರೋಣ. ಬಹುಮಾನ ಮೊದಲು, ಊಟ ನಂತರ. ಆರೂವರೆಗೆ ಶುರುವಾಗಿ ಏಳೂವರೆಗೆ ಬಹುಮಾನ ಮುಗಿಯಬೇಕು. ಒಂದು ನಗರದಲ್ಲಿ ಇಂಥ ಸಮಾರಂಭಕ್ಕೆ ಹೋಗಿದ್ದೆ. ಅತಿಥಿಗಳ ಭಾಷಣ ಹತ್ತರವರೆಗೆ ನಡೆಯಿತು. ಮಕ್ಕಳು ಕುರ್ಚಿಯಲ್ಲೇ ಮಲಗಿದ್ದರು. ಕೊನೆಗೆ ವರ್ಷವಿಡೀ ತುಳಿದವರ ಹೆಸರುಗಳನ್ನು ಪಟ್ಟಿ ಹಿಡಿದು ಒಂದೇ ಉಸಿರಿಗೆ ಓದಿ, ಕೈಗೆ ಕಪ್ ಕೊಟ್ಟು ಕೆಳಗಿಳಿಸಿದರು. ಯಾರು ಏನು ಮಾಡಿದ್ದಕ್ಕೆ ಬಹುಮಾನ ಎಂಬುದು ಸಭೆಗೆ ತಿಳಿಯಲೇ ಇಲ್ಲ. ನನಗೆ ಇಂದಿಗೂ ಅದು ನೋವು.

ಆದ್ದರಿಂದ ಪ್ರತಿ ಬಹುಮಾನಕ್ಕೂ ಒಂದು ನಿಮಿಷದ ಮಾತು ಬರೆದು ಓದಬೇಕು, ಮತ್ತು ಅದನ್ನು ಓದುವವರು ಆ ಸವಾರನ ಜೊತೆ ರಸ್ತೆಯಲ್ಲಿ ಇದ್ದವರೇ ಆಗಿರಬೇಕು. "ಜುಲೈ ಮಳೆಯಲ್ಲಿ ಹಳ್ಳಿಖೇಡ ದಾಟಿದ ಮೇಲೆ ನನ್ನ ಎರಡೂ ಟ್ಯೂಬಿಗೆ ಜಾಲಿಮುಳ್ಳು ಚುಚ್ಚಿತು. ಇವರು ತಮ್ಮ ಬಳಿ ಇದ್ದ ಒಂದೇ ಟ್ಯೂಬ್ ನನಗೆ ಕೊಟ್ಟರು. ಮುಂದೆ ತಮ್ಮದೇ ಗಾಲಿ ಪಂಕ್ಚರ್ ಆದಾಗ ಸೈಕಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಮನೆಗೆ ಬಂದರು." ಹೀಗೆ ಹೇಳಿ ನೋಡಿ. ಆ ಮನುಷ್ಯನ ಹೆಂಡತಿ, ಮಕ್ಕಳು ಅಂದು ಮೊದಲ ಬಾರಿಗೆ ಆ ಸಂಗತಿ ಕೇಳಿರುತ್ತಾರೆ. ವೇಗಕ್ಕೆ ಒಂದು, ದೂರಕ್ಕೆ ಒಂದು ಬಹುಮಾನ ಇರಲಿ, ಬೇಡವೆನ್ನುವುದಿಲ್ಲ. ಶ್ರಮಕ್ಕೆ ಬೆಲೆ ಇದೆ. ಆದರೆ ಪ್ರತಿ ಸವಾರಿಯಲ್ಲೂ ಕೊನೆಯವರ ಹಿಂದೆಯೇ ಉಳಿದು ಎಲ್ಲರನ್ನೂ ಮನೆ ಮುಟ್ಟಿಸುವವರು ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ "ಹಿಂದಿನ ದೀಪ" ಎಂದು ಒಂದು ಬಹುಮಾನ ಇಡಿ, ಅದನ್ನೇ ಕೊನೆಯಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ ಕೊಡಿ.

ಕೊಡುವ ವಸ್ತುವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೀದರಿನಲ್ಲಿ ಇದ್ದುಕೊಂಡು ಬೇರೆ ಊರಿನಿಂದ ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ ಕಪ್ ತರಿಸಬೇಡಿ. ನಿಮ್ಮ ಮನೆಬಾಗಿಲಲ್ಲೇ ಬಿದರಿ ಕಲೆ ಇದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಭಾಗದ ಮಣ್ಣನ್ನು ನವಸಾಗರದ ಜೊತೆ ಕಲಸಿ, ಕಾಯಿಸಿದ ಪಾತ್ರೆಗೆ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಹನ್ನೆರಡು ಅಗ್ಗದ ಕಪ್‌ಗಳ ಬದಲು ಮೂರೋ ನಾಲ್ಕೋ ಸಣ್ಣ ಬಿದರಿ ತಟ್ಟೆ ಮಾಡಿಸಿ. ಎಲ್ಲವೂ ಕೈಕೆಲಸ, ಸಮಯ ಹಿಡಿಯುತ್ತದೆ. ನವೆಂಬರಿನಲ್ಲೇ ಹೇಳಿಡಿ, ಹೆಸರು ಬರೆಸುವುದಾದರೆ ಕಾಗುಣಿತವನ್ನು ಆಯಾ ವ್ಯಕ್ತಿಗೇ ತೋರಿಸಿ ಒಪ್ಪಿಸಿಕೊಳ್ಳಿ.

ಊಟಕ್ಕೆ ಪಂಕ್ತಿ ಹಾಕಿ, ಬಫೆ ಬೇಡ. ಬಿಸಿ ಜೋಳದ ರೊಟ್ಟಿ, ಖಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಗೋಧಿ ಹುಗ್ಗಿ. ಸೈಕಲ್ ತುಳಿದ ಮೈಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ. ಅವರಿಗೇ ಹೇಳಿ, ಮುಂಗಡ ಕೊಡಿ.

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ದಿನವೂ ಸೈಕಲ್ ಮೇಲೆ ಹೋಗಿಬರುತ್ತೇನೆ. ಮಗುವಿಗೆ ನಾಲ್ಕು ವರ್ಷ, ಹಾಗಾಗಿ ಭಾನುವಾರದ ದೂರದ ಸವಾರಿಗಳು ಆಗುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ಮೊಬೈಲ್ ಆ್ಯಪಿನ ಕಿಲೋಮೀಟರ್ ಕೂಡಿಸಿ "ವರ್ಷದ ಸವಾರ" ಪ್ರಶಸ್ತಿ ಕೊಡುತ್ತಾರೆ. ಅದು ಪ್ರತಿ ವರ್ಷ ಒಬ್ಬರಿಗೇ ಹೋಗುತ್ತಿದೆ. ಈ ಸಲ ನನಗೆ "ಮಹಿಳಾ ವಿಭಾಗ"ದ ಬಹುಮಾನ ಕೊಡುತ್ತಾರಂತೆ. ಇರುವುದು ನಾವಿಬ್ಬರೇ ಹೆಣ್ಣುಮಕ್ಕಳು. ತೆಗೆದುಕೊಳ್ಳಲೇ, ಬಿಡಲೇ?
(ಓದುಗರು, ಕಲಬುರಗಿ)

ಉತ್ತರ: ತಂಗೀ, ಆ ದಿನ ವೇದಿಕೆಯಲ್ಲಿ ನಿರಾಕರಿಸಬೇಡ, ಇವತ್ತೇ ಸಮಿತಿಗೆ ಪತ್ರ ಬರೆ. ಇಬ್ಬರಲ್ಲಿ ಒಬ್ಬರಿಗೆ ಬಹುಮಾನವೆಂದರೆ ಇನ್ನೊಬ್ಬರನ್ನು ಕರೆದು ಸೋಲಿಸಿದಂತೆ. ಅದಕ್ಕಿಂತ, ಕ್ಲಬ್ಬಿನಲ್ಲಿ ಇಬ್ಬರೇ ಏಕೆ ಇದ್ದೇವೆ ಎಂದು ಅವರನ್ನು ಕೇಳು. ಸವಾರಿ ಕತ್ತಲಲ್ಲೇ ಶುರುವಾಗುತ್ತದೆಯೇ? ನಡುವೆ ನಿಲ್ಲುವ ಜಾಗದಲ್ಲಿ ಶೌಚಾಲಯ ಇದೆಯೇ ಎಂದು ಯಾರಾದರೂ ನೋಡುತ್ತಾರೆಯೇ? ಪಂಕ್ಚರ್ ಆದರೆ ಒಬ್ಬರಾದರೂ ನಿಲ್ಲುತ್ತಾರೆ ಎಂಬ ಭರವಸೆ ಇದೆಯೇ? ಇವು ಸರಿಹೋದರೆ ಮುಂದಿನ ವರ್ಷ ಇಬ್ಬರು ಹತ್ತು ಮಂದಿಯಾಗುತ್ತಾರೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿದಾಗ ಶಾಲೆಯ ಅಂಗಳದಲ್ಲೇ ಹುಡುಗಿಯರಿಗೆ ಸೈಕಲ್ ಕಲಿಸಿದೆ. ಬಸ್ಸಿಲ್ಲದ ಹಳ್ಳಿಗಳಿಂದ ಎರಡು ಜಡೆ ಹಾಕಿಕೊಂಡು, ಚೀಲವನ್ನು ಹಿಂದಿನ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಅವರು ಗುಂಪಾಗಿ ಬರುತ್ತಿದ್ದರು. ಯಾರ ಬಳಿಯೂ ಕಿಲೋಮೀಟರ್ ಲೆಕ್ಕ ಇರಲಿಲ್ಲ. ಆದರೆ ಮಳೆ, ಬಿಸಿಲು ಎನ್ನದೆ ಬರುತ್ತಿದ್ದರು. ನನ್ನ ಕಣ್ಣಿನಲ್ಲಿ ಸವಾರರೆಂದರೆ ಅವರು.

ಕಿಲೋಮೀಟರ್ ಲೆಕ್ಕ ಕಾಲಿನ ಬಲವನ್ನು ಮಾತ್ರವಲ್ಲ, ಬಿಡುವನ್ನೂ ಅಳೆಯುತ್ತದೆ. ಭಾನುವಾರ ಆರು ಗಂಟೆ ಹೊರಗಿರಬಲ್ಲವರಿಗೆ ಮನೆಯಲ್ಲಿ ಯಾರೋ ಆ ಆರು ಗಂಟೆ ಕೊಟ್ಟಿರುತ್ತಾರೆ. ಹಾಗಾಗಿ ಸಮಿತಿಗೆ ಇನ್ನೊಂದು ಅಳತೆ ಸೂಚಿಸು: ವರ್ಷದಲ್ಲಿ ಎಷ್ಟು ದಿನ ಸೈಕಲ್ ಏರಿದರು ಎಂಬುದು. ಒಂದು ಕಿಲೋಮೀಟರ್ ಆದರೂ ದಿನವೇ, ನೂರಾದರೂ ದಿನವೇ. ಕಲಬುರಗಿಯ ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲಿನಲ್ಲಿ ಕಚೇರಿಯಿಂದ ಮನೆಗೆ ತುಳಿಯುವವರು ಆಗ ಮೇಲೆ ಬರುತ್ತಾರೆ, ಗಂಡಸರಿರಲಿ, ಹೆಂಗಸರಿರಲಿ. ಒಮ್ಮೆ ಪಡೆದವರಿಗೆ ಮೂರು ವರ್ಷ ಅದೇ ಪ್ರಶಸ್ತಿ ಇಲ್ಲ ಎಂಬ ನಿಯಮವನ್ನೂ ಸೇರಿಸಲು ಹೇಳು. ಮನೆಯೊಳಗೆ ಸ್ಟ್ಯಾಂಡಿನ ಮೇಲೆ ತುಳಿದದ್ದು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂಬುದನ್ನು ವರ್ಷದ ಆರಂಭದಲ್ಲೇ ಬರೆದು ಹಂಚಬೇಕು. ಬಹುಮಾನದ ಹಿಂದಿನ ದಿನ ಮಾಡಿದ ನಿಯಮವನ್ನು ಯಾರೂ ನಂಬುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಮೂವರು ಬ್ರೆವೆ ಮುಗಿಸಿದ್ದಾರೆ, ಒಬ್ಬರು "ಸೂಪರ್ ರಾಂಡನರ್" ಆಗಿದ್ದಾರೆ. ಅವರಿಗೆ ಮೊದಲ, ಎರಡನೆಯ ಸ್ಥಾನ ಎಂದು ಕಪ್ ಕೊಡಬೇಕೇ?
(ಸದಸ್ಯ, ಭಾಲ್ಕಿ)

ಉತ್ತರ: ಸ್ಥಾನ ಕೊಡಬೇಡಿ. ಬ್ರೆವೆ ಎಂದರೆ ಗೊತ್ತುಮಾಡಿದ ದೂರವನ್ನು ಗೊತ್ತುಮಾಡಿದ ಅವಧಿಯೊಳಗೆ ಮುಗಿಸುವ ಸವಾರಿ, ಸ್ಪರ್ಧೆಯಲ್ಲ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಈ ಅವಧಿಯೊಳಗೆ ಯಾರ ನೆರವಿನ ವಾಹನವೂ ಇಲ್ಲದೆ ಮುಗಿಸಿದವರೆಲ್ಲ ಸಮಾನರು. ಇವುಗಳನ್ನು ಮಾನ್ಯ ಮಾಡುವ ಪ್ಯಾರಿಸ್ಸಿನ ಸಂಸ್ಥೆಯೇ ಶ್ರೇಯಾಂಕ ಪ್ರಕಟಿಸುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ 1891ರಲ್ಲಿ ಸ್ಪರ್ಧೆಯಾಗಿ ಹುಟ್ಟಿತು. ಈಗ ಅದೂ 1200 ಕಿಲೋಮೀಟರನ್ನು 90 ಗಂಟೆಯೊಳಗೆ ಮುಗಿಸುವ ಸಾಮಾನ್ಯರ ಸವಾರಿ. ನೀವೇಕೆ ನಂಬರ್ ಹಚ್ಚುತ್ತೀರಿ? ಮೂವರ ಹೆಸರನ್ನೂ ಅಕಾರಾದಿಯಲ್ಲಿ ಓದಿ ಚಪ್ಪಾಳೆ ತಟ್ಟಿ. ನಡುದಾರಿಯಲ್ಲಿ ಬಿಟ್ಟು ಬಂದವರಿದ್ದರೆ ಅವರ ಹೆಸರನ್ನೂ ಓದಿ, 400ರ ರಾತ್ರಿಯಲ್ಲಿ 250 ತುಳಿದು ನಿಲ್ಲಿಸುವುದು ಸಣ್ಣ ಮಾತಲ್ಲ.

ಇನ್ನೊಂದು ಉಪಯುಕ್ತ ಸಂಗತಿ. ಸೂಪರ್ ರಾಂಡನರ್ ಆಗಲು 200, 300, 400, 600 ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಬೇಕು. ಆ ಋತು ನವೆಂಬರಿನಿಂದ ಅಕ್ಟೋಬರ್‌ವರೆಗೆ. ನಿಮ್ಮ ಕ್ಲಬ್ಬಿನ ವರ್ಷವನ್ನೂ ಹಾಗೆಯೇ ಇಟ್ಟುಕೊಂಡರೆ ಜನವರಿಯ ಸಮಾರಂಭಕ್ಕೆ ಲೆಕ್ಕ ಹಾಕಲು, ಬಹುಮಾನ ಮಾಡಿಸಲು ಎರಡು ತಿಂಗಳು ಸಿಗುತ್ತವೆ.

ಪ್ರಶ್ನೆ: ಯಜಮಾನರಿಗೆ ಈ ಸಲ ಬಹುಮಾನ ಬರುತ್ತದಂತೆ. ಬೀದರಿನಲ್ಲಿ ಎರಡು ದಿನದ ಕೂಟ, ಮನೆಯವರನ್ನೂ ಕರೆದಿದ್ದಾರೆ. ಅವರು ಸೈಕಲ್ ಹೊಡೆಯುವಾಗ ನಾನೂ ಇಬ್ಬರು ಮಕ್ಕಳೂ ಲಾಡ್ಜಿನ ಕೋಣೆಯಲ್ಲಿ ಕೂರಬೇಕೇ?
(ಗೃಹಿಣಿ, ಹುಮನಾಬಾದ್)

ಉತ್ತರ: ಖಂಡಿತ ಕೂರಬಾರದು. ನಿನ್ನ ಪ್ರಶ್ನೆಯನ್ನು ಸಂಘಟಕರೆಲ್ಲ ಓದಲಿ ಎಂದೇ ಇಲ್ಲಿ ಹಾಕಿದ್ದೇನೆ. ಮಕ್ಕಳ ಸೈಕಲ್ಲುಗಳನ್ನು ಟೆಂಪೊದಲ್ಲಿ ಹಾಕಿಕೊಂಡು ಬರುವ ವ್ಯವಸ್ಥೆ ಕ್ಲಬ್ಬಿನದು. ಶನಿವಾರದ ಸಣ್ಣ ಸವಾರಿಯಲ್ಲಿ ಮಕ್ಕಳೂ ಇರಲಿ, ನೀನೂ ಇರು. ತುಳಿಯಲು ಬಾರದವರು ಆಟೊದಲ್ಲಿ ಹಿಂದೆಯೇ ಬರಲಿ. ಭಾನುವಾರ ಬೆಳಿಗ್ಗೆ ಕೋಟೆಗೆ ಹೋಗಿ. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ನೋಡಿದ ಮೇಲೆ ಬಿದರಿ ಕುಶಲಕರ್ಮಿಗಳ ಬಳಿ ಹೋದರೆ, ಲೋಹದಲ್ಲಿ ಬೆಳ್ಳಿ ಕೂರಿಸುವ ಕೈಯನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಹಿಂದಿನ ರಾತ್ರಿ ಅಪ್ಪನ ಕೈಗೆ ಬಂದ ತಟ್ಟೆ ಹೇಗೆ ಹುಟ್ಟಿತು ಎಂದು ಅವರಿಗೆ ತಿಳಿಯುತ್ತದೆ.

ಬಹುಮಾನದ ಹೊತ್ತಿಗೆ ನಿನ್ನನ್ನೂ ಮೇಲೆ ಕರೆದು ಹೂವು ಕೊಡಬಹುದು. ತೆಗೆದುಕೋ. ಆದರೆ ಅಷ್ಟಕ್ಕೆ ಲೆಕ್ಕ ಚುಕ್ತಾ ಆಯಿತು ಎಂದು ಯಜಮಾನರು ತಿಳಿಯಬಾರದು. ತಿಂಗಳಿಗೊಂದು ಭಾನುವಾರ ಮಕ್ಕಳು ಅವರ ಪಾಲಿಗೆ, ಬೆಳಗು ನಿನ್ನ ಪಾಲಿಗೆ. ಇದನ್ನು ನೀನೇ ಕೇಳು. ವರ್ಷವಿಡೀ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬಾಗಿಲು ಹಾಕಿಕೊಂಡವಳಿಗೆ ಅದನ್ನು ಕೇಳುವ ಹಕ್ಕಿದೆ.

ಪ್ರಶ್ನೆ: ಊಟದ ಜೊತೆ ಮದ್ಯವೂ ಇರಲಿ ಎಂದು ಕೆಲವು ಸದಸ್ಯರು ಒತ್ತಾಯಿಸುತ್ತಿದ್ದಾರೆ. ಏನು ಹೇಳಲಿ?
(ಖಜಾಂಚಿ, ಯಾದಗಿರಿ)

ಉತ್ತರ: ಕ್ಲಬ್ಬಿನ ಹಣದಲ್ಲಿ ಬೇಡ, ಕ್ಲಬ್ಬಿನ ಪಂಕ್ತಿಯಲ್ಲೂ ಬೇಡ. ಮಾರನೆಯ ಬೆಳಿಗ್ಗೆ ಹೆದ್ದಾರಿಯ ಮೇಲೆ ಸೈಕಲ್ ಹೊಡೆಯುವವರು ಅವರೇ. ಮದ್ಯ ಇಟ್ಟರೆ ಹೆಣ್ಣುಮಕ್ಕಳೂ ಮಕ್ಕಳೂ ಎಂಟು ಗಂಟೆಗೇ ಎದ್ದು ಹೋಗುತ್ತಾರೆ, ಮುಂದಿನ ವರ್ಷ ಬರುವುದೇ ಇಲ್ಲ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಉಪನ್ಯಾಸಕ. ಸೂಪರ್ ಮಾರ್ಕೆಟ್ ಬಳಿಯ ಸೈಕಲ್ ಅಂಗಡಿಯ ಒಬ್ಬ ಮೇಸ್ತ್ರಿ ನಮ್ಮ ಇಡೀ ಬಳಗದ ಸೈಕಲ್ಲುಗಳನ್ನು ನಡೆಸಿಕೊಂಡು ಬಂದಿದ್ದಾರೆ. ಸವಾರಿಯ ಹಿಂದಿನ ರಾತ್ರಿ ಒಂಬತ್ತಕ್ಕೆ ಹೋದರೂ ಬೇಸರಿಸದೆ ಗಾಲಿಯ ಬಳುಕು ತೆಗೆದುಕೊಡುತ್ತಾರೆ. ಅವರಿಗೊಂದು ಬಹುಮಾನ ಕೊಡೋಣವೆಂದರೆ "ಅವರು ಸದಸ್ಯರಲ್ಲ" ಎನ್ನುತ್ತಾರೆ.
(ಹಿರಿಯ ಸದಸ್ಯ, ಕಲಬುರಗಿ)

ಉತ್ತರ: ಸರ್, ಮೊದಲ ಬಹುಮಾನವೇ ಅವರದಾಗಲಿ. ಸದಸ್ಯತ್ವದ ರಸೀದಿ ಒಂದು ತಡೆಯಾಗಿದ್ದರೆ ಆ ಸಂಜೆಯೇ ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಳ್ಳಿ. ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಕಿವಿಯಿಂದಲೇ ಹೇಳುವವರು ಈಗ ಕಡಿಮೆಯಾಗುತ್ತಿದ್ದಾರೆ. ನಮ್ಮ ಜಾಲಿಮುಳ್ಳಿನ ರಸ್ತೆಗಳಲ್ಲಿ ಅವರಿಲ್ಲದೆ ಯಾವ ಕ್ಲಬ್ಬೂ ಒಂದು ತಿಂಗಳು ನಡೆಯದು.

ಅದಕ್ಕಿಂತ ಮೊದಲು ಎರಡು ಕೆಲಸ. ಸದಸ್ಯರು ಅವರ ಅಂಗಡಿಯಲ್ಲಿ ಉಳಿಸಿಕೊಂಡಿರುವ ಬಾಕಿ ಎಷ್ಟಿದೆ ಎಂದು ವಿಚಾರಿಸಿ, ಎಲ್ಲರಿಂದ ಸಂಗ್ರಹಿಸಿ, ಸಮಾರಂಭಕ್ಕೆ ಒಂದು ವಾರ ಮುಂಚೆ ತೀರಿಸಿ. ಬಾಕಿ ಇಟ್ಟುಕೊಂಡು ಶಾಲು ಹೊದಿಸುವುದು ಸರಿಯಲ್ಲ. ಎರಡನೆಯದು, ಸಮಾರಂಭದ ಹೊತ್ತು ಗೊತ್ತುಮಾಡುವ ಮುನ್ನ ಶನಿವಾರ ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತಾರೆ ಎಂದು ಕೇಳಿ. ಬೀದರಿನ ತಮ್ಮನಿಗೆ ನಾನು ಆರೂವರೆ ಎಂದು ಹೇಳಿದ್ದೇನೆ. ನಿಮ್ಮ ಮೇಸ್ತ್ರಿ ಎಂಟಕ್ಕೆ ಮುಚ್ಚುವುದಾದರೆ ನೀವು ಎಂಟೂವರೆಗೆ ಶುರುಮಾಡಿ, ಹಸಿದವರಿಗೆ ಅಷ್ಟರೊಳಗೆ ಮಿರ್ಚಿ ಭಜಿ, ಸುಸಲಾ ಕೊಡಿ. ಅವರ ಮನೆಯವರಿಗೆಲ್ಲ ಪಂಕ್ತಿಯಲ್ಲಿ ಜಾಗ ಹಿಡಿದಿಡಿ, ಕರೆಯಲು ನೀವೇ ಖುದ್ದಾಗಿ ಮನೆಗೆ ಹೋಗಿ.